ಹಿಂಗಾರಿನಲ್ಲಿ ತಟ್ಟು ಕುದುರೆ ಸಾಕಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಮ್ಮದು ಮೂರೂವರೆ ಎಕರೆ. ಒಂದು ಎಕರೆ ಹಿಪ್ಪುನೇರಳೆ, ಒಂದೂವರೆ ಎಕರೆ ರಾಗಿ. ಉಳಿದದ್ದರಲ್ಲಿ ಮನೆ, ರೇಷ್ಮೆ ಹುಳು ಸಾಕುವ ಮನೆ, ಎರಡು ಹಸು, ನಾಲ್ಕು ಹುಣಸೆ ಮರ, ಎರಡು ತಟ್ಟು ಕುದುರೆ. ಹೆಣ್ಣು ಕೆಂಚಿ, ಗಂಡು ಸುಬ್ಬ. ಏಳು ವರ್ಷದಿಂದ ನಮ್ಮಲ್ಲಿವೆ. ರಸ್ತೆಯಲ್ಲಿ ಹೋಗುವವರು ಬೇಲಿಯ ಹತ್ತಿರ ಬೈಕ್ ನಿಲ್ಲಿಸಿ ಕೇಳುವ ಪ್ರಶ್ನೆಗಳಿಗೆ ಕೈಯಲ್ಲಿ ಪೊರಕೆ ಹಿಡಿದುಕೊಂಡೇ ಉತ್ತರ ಹೇಳಿ ಹೇಳಿ ಸಾಕಾಗಿ ಇದನ್ನು ಬರೆದಿದ್ದೇನೆ.

ಪ್ರಶ್ನೆಗಳು ಮುತ್ತಿಕೊಳ್ಳುವುದು ಗೌರಿಹಬ್ಬ ಕಳೆದಲ್ಲಿಂದ ಕಾರ್ತಿಕ ಮುಗಿಯುವವರೆಗೆ. ಆಗ ನಮ್ಮ ಕಡೆ ಬದುವೆಲ್ಲ ಹಸಿರು, ಎಲ್ಲರ ಕೈಯಲ್ಲೂ ಏನಾದರೊಂದು ತಿಂಡಿ. ಬೇಸಿಗೆಯಲ್ಲಿ ತಟ್ಟು ಸೊರಗುತ್ತದೆ, ಅಷ್ಟೆ. ನನಗೆ ನಿದ್ದೆ ಬಾರದಂತೆ ಮಾಡುವುದು ಈ ಸಮೃದ್ಧಿಯ ಮೂರು ತಿಂಗಳು. ಕೆಳಗಿನ ಉತ್ತರಗಳಲ್ಲಿ ಅರ್ಧಕ್ಕಿಂತ ಹೆಚ್ಚು "ಬೇಡ" ಎಂದೇ ಇರುವುದಕ್ಕೆ ಅದೇ ಕಾರಣ. ನಾನು ಜಿಪುಣಿ ಎಂದು ತಿಳಿಯಬೇಡಿ.

ಇದು ಕುದುರೆ ಮರಿಯೇ? ಯಾವಾಗ ದೊಡ್ಡದಾಗುತ್ತದೆ?

ಆಗುವುದಿಲ್ಲ. ಕೆಂಚಿಗೆ ಈಗ ಹದಿನಾಲ್ಕು ವರ್ಷ. ಅವಳು ಆಗಬೇಕಾದಷ್ಟು ದೊಡ್ಡವಳಾಗಿ ಬಹಳ ಕಾಲವಾಯಿತು. ನೆಲದಿಂದ ಭುಜದ ಉಬ್ಬಿನವರೆಗೆ ಅಳೆದಾಗ ಸುಮಾರು 58 ಅಂಗುಲಕ್ಕಿಂತ ಗಿಡ್ಡ ಇರುವ ಕುದುರೆಯನ್ನು ತಟ್ಟು ಎನ್ನುವುದು ವಾಡಿಕೆ. ಕೆಂಚಿ 46 ಅಂಗುಲ, ಸುಬ್ಬ 48. ದಖ್ಖನಿನ ಕುರಿಗಾಹಿಗಳ ಸಾಮಾನು ಹೊರುವ ಭೀಮಥಡಿ ತಟ್ಟು ಇತ್ತೀಚೆಗೆ ದೇಶದ ಅಧಿಕೃತ ಕುದುರೆ ತಳಿಗಳ ಪಟ್ಟಿಗೆ ಸೇರಿದೆ. ನಮ್ಮವಕ್ಕೆ ಅಂಥ ವಂಶಾವಳಿ ಏನಿಲ್ಲ. ತಳಿ ಯಾವುದೆಂದು ಒತ್ತಾಯಿಸಿ ಕೇಳಿದರೆ ಜಟಕಾ ತಳಿ ಎಂದುಬಿಡುತ್ತೇನೆ.

ಗಿಡ್ಡ ಎನ್ನುವುದಕ್ಕಿಂತ ಮುಖ್ಯವಾದ ಗುಣ ಇನ್ನೊಂದಿದೆ: ತಟ್ಟು ಬಹಳ ಕಡಿಮೆ ಮೇವಿನಲ್ಲಿ ಬದುಕುವ ಪ್ರಾಣಿ. ಬರಗಾಲಕ್ಕೆ ಹೇಳಿ ಮಾಡಿಸಿದ ಮೈ. ಆ ಮೈಗೆ ಸುಗ್ಗಿ ಹಿಡಿಸುವುದಿಲ್ಲ.

ಕುಣಿಗಲ್ ಫಾರಂನಿಂದ ತಂದಿರಾ?

ಇಲ್ಲ. ತುಮಕೂರು ಜಿಲ್ಲೆಯ ಕುಣಿಗಲ್‌ನಲ್ಲಿ ಹೈದರ್-ಟಿಪ್ಪು ಕಾಲದ ದಂಡಿನ ಕುದುರೆಗಳಿಂದ ಶುರುವಾಗಿ ಬಂದದ್ದು ಪಂದ್ಯದ ಕುದುರೆಗಳ ಪರಂಪರೆ. ಎತ್ತರದ, ತೆಳುಚರ್ಮದ, ಓಡಲೆಂದೇ ಹುಟ್ಟಿದ ಥರೋಬ್ರೆಡ್‌ಗಳು. ಅವಕ್ಕೂ ನಮ್ಮ ಸುಬ್ಬನಿಗೂ ಅರಮನೆಗೂ ಹಟ್ಟಿಗೂ ಇರುವಷ್ಟೇ ನಂಟು. ಕೆಂಚಿ ಮದುವೆ ಮೆರವಣಿಗೆಯ ಕಸುಬು ಬಿಟ್ಟವರೊಬ್ಬರಿಂದ ಬಂದವಳು. ಸುಬ್ಬ ಪ್ರವಾಸಿಗರನ್ನು ಹೊತ್ತು ಬೆನ್ನು ಹುಣ್ಣಾಗಿ ಕೆಲಸಕ್ಕೆ ಬಾರದವನೆನಿಸಿಕೊಂಡು ಬಂದವನು.

ನೀವು ಕೊಳ್ಳುವುದಾದರೆ ಹಲ್ಲು ನೋಡಿ. ಐದನೆಯ ವರ್ಷಕ್ಕೆ ಬಾಯಿ ತುಂಬುತ್ತದೆ, ಆಮೇಲಿನ ವಯಸ್ಸೆಲ್ಲ ಹಲ್ಲಿನ ಸವೆತ ನೋಡಿ ಮಾಡುವ ಅಂದಾಜು. ಹಲ್ಲಿಗಿಂತ ಹೆಚ್ಚು ಹೊತ್ತು ಗೊರಸು ನೋಡಿ. ಗಟ್ಟಿ ನೆಲದ ಮೇಲೆ ನಡೆಸಿ, ಸಣ್ಣ ಸುತ್ತು ತಿರುಗಿಸಿ. ತಿರುಗುವಾಗ ಮುಂಗಾಲು ಎತ್ತಿಡಲು ಅಳುಕಿದರೆ ಬೆಲೆ ಕಡಿಮೆ ಎಂದು ಮರುಳಾಗಬೇಡಿ. ಒಂದನ್ನೇ ಕೊಳ್ಳಬೇಡಿ. ಕುದುರೆ ಹಿಂಡಿನ ಪ್ರಾಣಿ; ಒಂಟಿಯಾಗಿದ್ದರೆ ಬೇಲಿ ಮುರಿಯುತ್ತದೆ, ಇಲ್ಲವೇ ಮಂಕಾಗುತ್ತದೆ.

ಈ ಕಾಲದಲ್ಲಿ ನಿಮ್ಮ ದಿನ ಹೇಗೆ ಶುರುವಾಗುತ್ತದೆ?

ಲದ್ದಿ ಎಣಿಸುವುದರಿಂದ. ನಗಬೇಡಿ. ರಾತ್ರಿ ಕಳೆಯುವಷ್ಟರಲ್ಲಿ ಒಂದೊಂದರದ್ದೂ ನಾಲ್ಕೈದು ಗುಡ್ಡೆ ಲಾಯದಲ್ಲಿ ಬಿದ್ದಿರಬೇಕು. ಒಂದೇ ಬಿದ್ದಿದ್ದರೆ, ಅಥವಾ ಉಂಡೆಗಳು ಗಟ್ಟಿಯಾಗಿ ಸಣ್ಣಗಿದ್ದರೆ, ಅವತ್ತಿನ ಬೇರೆ ಕೆಲಸಗಳೆಲ್ಲ ಹಿಂದಕ್ಕೆ. ಆಮೇಲೆ ನಾಲ್ಕೂ ಗೊರಸುಗಳ ಮೇಲೆ ಅಂಗೈ ಇಟ್ಟು ಬಿಸಿ ನೋಡುತ್ತೇನೆ. ಬೆಳಗ್ಗೆ ಐದೂವರೆಗೆ ಗೊರಸು ತಣ್ಣಗಿರಬೇಕು.

ಆರರಿಂದ ಎಂಟರವರೆಗೆ ಮೇಯಲು ಬಿಡುತ್ತೇವೆ. ಆ ಹೊತ್ತಿಗೆ ನಮ್ಮ ಮನೆಯವರು ಸೊಪ್ಪು ಕೊಯ್ಯಲು ಹೋಗಿರುತ್ತಾರೆ. ಎಂಟಕ್ಕೆ ಒಳಗೆ ಕಟ್ಟಿ ನೆನೆಸಿದ ರಾಗಿ ಹುಲ್ಲು. ಮಧ್ಯಾಹ್ನ ಮಾಲೀಸು, ಗೊರಸು ಕೆರೆಯುವುದು, ಬಾಲದಲ್ಲಿ ಅಂಟಿದ ಮುಳ್ಳು ಕೀಳುವುದು. ಮೂರರ ಮೇಲೆ ಮೋಡ ಕವಿಯುತ್ತದೆ. ಚಿತ್ತೆ ಮಳೆ ಗುಡುಗು ಸಿಡಿಲಿನದು. ಒಂಟಿ ಮರದ ಕೆಳಗೆ ಯಾವ ಪ್ರಾಣಿಯನ್ನೂ ಕಟ್ಟುವುದಿಲ್ಲ. ಸಂಜೆ ಮತ್ತೆ ಹುಲ್ಲು, ಹಿಡಿ ಹುರುಳಿ, ನೀರು. ರಾತ್ರಿ ಒಂಬತ್ತೂವರೆಗೆ ಇನ್ನೊಂದು ಪಾಲು ಹುಲ್ಲು ಹಾಕಿ ಬಾಗಿಲು ಮುಚ್ಚುವುದು. ಕುದುರೆಯ ಹೊಟ್ಟೆ ಮೈಗೆ ಹೋಲಿಸಿದರೆ ಚಿಕ್ಕದು, ದಿನಕ್ಕೆ ಹದಿನಾಲ್ಕು ಹದಿನಾರು ಗಂಟೆ ಒಂದೇ ಸಮನೆ ಮೆಲ್ಲುವ ಹಾಗೆ ಆಗಿರುವ ಹೊಟ್ಟೆ. ಹಸುವಿನಂತೆ ಎರಡು ಹೊತ್ತು ತುಂಬಿಸಿ ಮೆಲುಕು ಹಾಕಿಕೊಳ್ಳಲಿ ಎಂದು ಬಿಡುವಂತಿಲ್ಲ. ಅದಕ್ಕೆ ಮೆಲುಕೇ ಇಲ್ಲ.

ಬದುವಿನ ತುಂಬ ಇಷ್ಟು ಹುಲ್ಲಿದೆ. ಇಡೀ ದಿನ ಬಿಟ್ಟು ಮೇಯಿಸಬಾರದೇ?

ನಾನೂ ಹೀಗೇ ಕೇಳಿದ್ದೆ, ಕೇಳಿ ಹಾಗೆಯೇ ಮಾಡಿದ್ದೆ.

ನಮ್ಮ ಕಡೆ ಹೆಚ್ಚು ಮಳೆ ಬೀಳುವುದೇ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ. ಎರಡನೆಯ ವರ್ಷ ಹಸ್ತ ಮಳೆಯೂ ಚಿತ್ತೆ ಮಳೆಯೂ ಚೆನ್ನಾಗಿ ಬಂದು ಬದುವಿನಲ್ಲಿ ಗರಿಕೆ ಮೊಣಕಾಲೆತ್ತರ ಎದ್ದಿತ್ತು. ಮೆದೆಯ ಹುಲ್ಲು ಉಳಿಯುತ್ತದಲ್ಲ ಎಂಬ ಆಸೆಯಿಂದ ಕೆಂಚಿಯನ್ನು ಬೆಳಗಿನಿಂದ ಸಂಜೆಯವರೆಗೆ ಉದ್ದ ಹಗ್ಗದಲ್ಲಿ ಅಲ್ಲೇ ಕಟ್ಟಿದೆ. ಮೈ ತುಂಬಿಕೊಂಡಳು, ಮಿರಮಿರ ಮಿಂಚಿದಳು. ನೋಡಿದವರೆಲ್ಲ ಹೊಗಳಿದರು. ಹನ್ನೆರಡನೆಯ ದಿನ ಬೆಳಗ್ಗೆ ಮುಂಗಾಲುಗಳನ್ನು ಮುಂದಕ್ಕೆ ಚಾಚಿ, ಮೈಭಾರವನ್ನೆಲ್ಲ ಹಿಂಗಾಲಿನ ಮೇಲೆ ಹಾಕಿ, ಗೋಡೆಗೆ ಒರಗಿದವಳ ಹಾಗೆ ನಿಂತಿದ್ದಳು. ಮುಂದಿನ ಗೊರಸುಗಳು ಇಸ್ತ್ರಿ ಪೆಟ್ಟಿಗೆಯಂತೆ ಸುಡುತ್ತಿದ್ದವು. ಒಂದು ಹೆಜ್ಜೆ ಇಡಿಸಲು ಆಗಲಿಲ್ಲ.

ವೈದ್ಯರು ಲ್ಯಾಮಿನೈಟಿಸ್ ಎಂದರು. ಗೊರಸಿನ ಒಳಗೆ, ಎಲುಬನ್ನೂ ಗೊರಸಿನ ಗೋಡೆಯನ್ನೂ ಹಿಡಿದಿಟ್ಟಿರುವ ಪದರಕ್ಕೆ ಉರಿಯೂತ. ಎಳೆ ಹುಲ್ಲಿನ ಸಕ್ಕರೆ ಮತ್ತು ಪಿಷ್ಟ ಮಿತಿಮೀರಿ ಹೊಟ್ಟೆಗೆ ಹೋದಾಗ ಕೊಬ್ಬಿದ ತಟ್ಟುಗಳಿಗೆ ಇದು ಬೇಗ ಹತ್ತುತ್ತದೆ. ಹಿಡಿತ ಪೂರ್ತಿ ಸಡಿಲಿದರೆ ಎಲುಬು ಕೆಳಕ್ಕೆ ತಿರುಗಿ ಅಂಗಾಲನ್ನು ಒತ್ತುತ್ತದೆ. ಅಲ್ಲಿಗೆ ಕುದುರೆಯ ಕಥೆ ಮುಗಿದಂತೆಯೇ. ಕೆಂಚಿಯದು ಅಲ್ಲಿಯವರೆಗೆ ಹೋಗಲಿಲ್ಲ. ಮರಳು ಹಾಸಿದ ನೆಲ, ನೋವಿನ ಔಷಧಿ, ಗೊರಸಿಗೆ ತಣ್ಣೀರು, ಬರೀ ನೆನೆಸಿ ಹಿಂಡಿದ ರಾಗಿ ಹುಲ್ಲು. ಸಂಕ್ರಾಂತಿ ಕಳೆದ ಮೇಲೆ ಸರಿಯಾಗಿ ನಡೆದಳು.

ಅದಕ್ಕೇ ಬೆಳಗಿನ ಆ ಎರಡು ಗಂಟೆ. ಬಿಸಿಲು ಬಿದ್ದಂತೆಲ್ಲ ಹುಲ್ಲು ಸಕ್ಕರೆ ಕೂಡಿಸುತ್ತಾ ಹೋಗುತ್ತದೆ, ರಾತ್ರಿ ಅದನ್ನು ಖರ್ಚು ಮಾಡುತ್ತದೆ. ಆದ್ದರಿಂದ ಬೆಳಗಿನ ಜಾವದ ಹುಲ್ಲು ಸಪ್ಪೆ, ಮಧ್ಯಾಹ್ನದ ಹುಲ್ಲು ಪಾಯಸ. ಉಳಿದ ಬದುವಿನ ಹುಲ್ಲು ಹಸುಗಳ ಪಾಲು.

ಹಾಗಾದರೆ ಹಾಕುವುದು ಏನು, ಎಷ್ಟು?

ಮೊದಲು ತೂಕ ತಿಳಿಯಬೇಕು. ತಕ್ಕಡಿ ಬೇಡ, ದರ್ಜಿಯ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಸೆಂಟಿಮೀಟರ್‌ನಲ್ಲಿ ಅಳೆಯಿರಿ. ಎದೆಯ ಮುಂಭಾಗದಿಂದ ಪಿರ್ರೆಯ ತುದಿಯವರೆಗೆ ಉದ್ದ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 11,900ರಿಂದ ಭಾಗಿಸಿದರೆ ಕಿಲೋ ಲೆಕ್ಕದಲ್ಲಿ ತೂಕ ಸಿಗುತ್ತದೆ. ಕೆಂಚಿ 135 ಸುತ್ತು, 130 ಉದ್ದ. ಹತ್ತಿರ ಹತ್ತಿರ 200 ಕಿಲೋ. ದಿನಕ್ಕೆ ತೂಕದ ನೂರಕ್ಕೆ ಎರಡು ಪಾಲು ಒಣ ಮೇವು, ಅಂದರೆ ನಾಲ್ಕು ಕಿಲೋ. ಮೈ ಇಳಿಸಬೇಕಾದರೆ ಒಂದೂವರೆ ಪಾಲು, ಅದಕ್ಕಿಂತ ಕಡಿಮೆ ಮಾಡುವುದು ತಪ್ಪು.

ಮುಖ್ಯ ಮೇವು ರಾಗಿ ಹುಲ್ಲು. ಭತ್ತದ ಹುಲ್ಲಿಗಿಂತ ಇದರಲ್ಲಿ ಸುಣ್ಣದಂಶ ಹೆಚ್ಚು. ತೊಂದರೆ ಏನೆಂದರೆ, ಹೊಸ ರಾಗಿ ಕೊಯ್ಲಾಗುವುದು ನವೆಂಬರ್-ಡಿಸೆಂಬರ್‌ಗೆ. ಅಕ್ಟೋಬರ್‌ನಲ್ಲಿ ನಾವು ತಿನ್ನಿಸುತ್ತಿರುವುದು ಹೋದ ವರ್ಷದ ಮೆದೆಯ ಬುಡ. ಬುಡಕ್ಕೆ ಮಳೆ ನೀರು ಇಳಿದು ಬೂಷ್ಟು ಹಿಡಿದಿರುತ್ತದೆ. ಹಸು ತಿಂದು ಅರಗಿಸಿಕೊಳ್ಳುವ ಬೂಷ್ಟನ್ನು ಕುದುರೆಯ ಶ್ವಾಸಕೋಶವೂ ಕರುಳೂ ತಾಳುವುದಿಲ್ಲ. ಕಪ್ಪಾದದ್ದನ್ನು, ಕೊಡವಿದರೆ ಹೊಗೆಯಂತೆ ಏಳುವುದನ್ನು ತಿಪ್ಪೆಗೆ ಎಸೆಯುತ್ತೇನೆ. ಒಳ್ಳೆಯದನ್ನೂ ಹತ್ತು ನಿಮಿಷ ನೀರಿನಲ್ಲಿ ಅದ್ದಿಯೇ ಹಾಕುವುದು.

ಇದರ ಜೊತೆಗೆ ಒಂದು ಹಿಡಿ ಕುದುರೆ ಮಸಾಲೆ (ಲೂಸರ್ನ್ ಮೇವು) ಸೊಪ್ಪು, ಒಂದು ದೊಡ್ಡ ಚಮಚ ಕಲ್ಲುಪ್ಪು. ನೇಪಿಯರ್ ಹುಲ್ಲನ್ನು ಹಸುವಿಗೆ ಬೆಳೆದಿದ್ದರೆ ಅದನ್ನೇ ಕುದುರೆಗೆ ಮುಖ್ಯ ಮೇವು ಮಾಡಬೇಡಿ. ಅದರಲ್ಲಿರುವ ಆಕ್ಸಲೇಟ್ ಸುಣ್ಣವನ್ನು ಹಿಡಿದುಕೊಂಡುಬಿಡುತ್ತದೆ, ವರ್ಷ ಕಳೆಯುವಷ್ಟರಲ್ಲಿ ಎಲುಬು ಮೆತ್ತಗಾಗುತ್ತದೆ. ಯಾವ ಮೇವನ್ನೇ ಬದಲಿಸಿದರೂ ಹತ್ತು ದಿನ ತೆಗೆದುಕೊಂಡು ಬದಲಿಸಿ.

ಹುರುಳಿ ಕುದುರೆಯ ಆಹಾರವೇ ಅಲ್ಲವೇ?

ಹೌದು, ದುಡಿಯುವ ಕುದುರೆಯ ಆಹಾರ. ದಿನವಿಡೀ ಜಟಕಾ ಎಳೆದು ಬಂದ ಕುದುರೆಗೆ ಸೇರುಗಟ್ಟಲೆ ಬೇಯಿಸಿ ಹಾಕುತ್ತಿದ್ದರು. ನಮ್ಮವು ಎಳೆಯುವುದು ಗಮನವನ್ನು ಮಾತ್ರ. ನೆನೆಸಿ, ಬೇಯಿಸಿ, ಆರಿಸಿ ಎರಡು ಹಿಡಿ. ಹಸಿ ಹುರುಳಿ ಸರಿಯಾಗಿ ಅರಗುವುದಿಲ್ಲ. ಬೇಯಿಸಿದ ನೀರನ್ನು ಚೆಲ್ಲಬೇಡಿ ಎಂದು ಹೇಳಬೇಕಾಗಿಲ್ಲ. ನಮ್ಮ ಮನೆಯಲ್ಲಿ ಅದು ಬಸ್ಸಾರಾಗುತ್ತದೆ.

ಹಸುವಿಗೆ ತರುವ ಮೂಟೆಯಿಂದಲೇ ಒಂದು ಬೊಗಸೆ ಹಾಕಿದರೆ ಆಗದೇ?

ಖಂಡಿತ ಬೇಡ. ಈ ಒಂದು ಉತ್ತರವನ್ನು ಮಾತ್ರ ಓದಿ ಉಳಿದದ್ದನ್ನು ಬಿಟ್ಟರೂ ನನಗೆ ಬೇಸರವಿಲ್ಲ. ಕೆಲವು ಪಶು ಆಹಾರಗಳಲ್ಲಿ, ಅದಕ್ಕಿಂತ ಹೆಚ್ಚಾಗಿ ಕೋಳಿ ಆಹಾರದಲ್ಲಿ, ಮೊನೆನ್ಸಿನ್ ಅಥವಾ ಸ್ಯಾಲಿನೋಮೈಸಿನ್ ಎಂಬ ಔಷಧಿ ಬೆರೆತಿರುತ್ತದೆ. ಕೋಳಿಗೂ ಹಸುವಿಗೂ ಅದರಿಂದ ಅನುಕೂಲವೇ. ಕುದುರೆಗೆ ಅದು ಹೃದಯದ ಮಾಂಸವನ್ನೇ ಹಾಳುಮಾಡುವ ವಿಷ, ಅದಕ್ಕೆ ಮದ್ದಿಲ್ಲ. ನಮ್ಮ ಜಿಲ್ಲೆಯಲ್ಲಿ ಕೋಳಿ ಫಾರಂಗಳಿಗೆ ಕೊರತೆಯಿಲ್ಲ. ಅಲ್ಲಿಂದ ಬಂದ ಖಾಲಿ ಚೀಲದಲ್ಲಿ ಕೂಡ ಕುದುರೆಯ ಹುರುಳಿ ತುಂಬಿಡಬೇಡಿ.

ಗೋಧಿ ಬೂಸಾ ವಿಷವಲ್ಲ. ಆದರೆ ಅದರಲ್ಲಿ ರಂಜಕ ಬಹಳ, ಸುಣ್ಣ ಕಡಿಮೆ. ದಿನಾ ಹಾಕಿದರೆ ಎಲುಬಿನಿಂದ ಸುಣ್ಣ ಕರಗಿ ಮುಖದ ಎಲುಬು ಊದಿಕೊಳ್ಳುತ್ತದೆ. ಹರಳು ಹಿಂಡಿ, ಹೊಂಗೆ ಹಿಂಡಿ ಗೊಬ್ಬರಕ್ಕೆ ಮಾತ್ರ.

ಮುಸುಕಿನ ಜೋಳ? ಕಡಲೆಕಾಯಿ ಬಳ್ಳಿ?

ಗೌರಿಬಿದನೂರು ಕಡೆಯ ನೆಂಟರು ಪ್ರತಿ ವರ್ಷ ಪ್ರೀತಿಯಿಂದ ಒಂದು ಚೀಲ ಮುಸುಕಿನ ಜೋಳ ತಂದುಕೊಡುತ್ತಾರೆ. ಹಿಂಗಾರಿನಲ್ಲಿ ಕೊಯ್ದು ಸರಿಯಾಗಿ ಒಣಗದ ಜೋಳಕ್ಕೆ ಬೂಷ್ಟು ಹಿಡಿದರೆ, ಕೆಲವು ಬೂಷ್ಟುಗಳ ನಂಜು ಕುದುರೆಯ ಮಿದುಳನ್ನೇ ಕರಗಿಸುತ್ತದೆ. ಕಾಳು ಹೊರಗೆ ಚೆನ್ನಾಗಿ ಕಂಡರೂ ಒಳಗೆ ನಂಜಿರಬಹುದು. ಆದ್ದರಿಂದ ನಾವೇ ಸುಟ್ಟುಕೊಂಡು ತಿನ್ನುತ್ತೇವೆ, ಕುದುರೆಗೆ ಹಾಕುವುದಿಲ್ಲ.

ಕಡಲೆಕಾಯಿ ಬಳ್ಳಿ ಒಳ್ಳೆಯ ಮೇವೇ. ಆದರೆ ಬೇರಿನ ತುಂಬ ಕೆಂಪು ಮಣ್ಣು ಹಿಡಿದಿರುತ್ತದೆ. ಮಣ್ಣು, ಮರಳು ಕರುಳಿನ ತಳದಲ್ಲಿ ಕೂತು ಹೊಟ್ಟೆಶೂಲೆ ತರುತ್ತದೆ. ಬೇರು ಕತ್ತರಿಸಿ, ಒಣಗಿಸಿ, ಕೊಡವಿ ಸ್ವಲ್ಪ ಸ್ವಲ್ಪ ಹಾಕಬಹುದು. ಕೋಲಾರ ಕಡೆಯವರು ಟೊಮೆಟೊ ಗಿಡ ಹಾಕಬಹುದೇ ಎಂದು ಕೇಳುತ್ತಾರೆ. ಗಿಡವೂ ಬೇಡ, ಅದಕ್ಕೆ ಹೊಡೆದ ಔಷಧಿಯೂ ಬೇಡ.

ಹಬ್ಬದ ದಿನ ಒಂದು ಒಬ್ಬಟ್ಟು, ಒಂದು ಉಂಡೆ ಬೆಲ್ಲ ಕೊಟ್ಟರೆ ಏನಾಗುತ್ತದೆ?

ಒಂದರಿಂದ ಏನೂ ಆಗುವುದಿಲ್ಲ. ಆದರೆ ನಮ್ಮ ಬೀದಿಯಲ್ಲಿ ಇಪ್ಪತ್ತೆರಡು ಮನೆಗಳಿವೆ.

ಆಯುಧಪೂಜೆಗೆ ಹಾರ ಹಾಕಬಹುದೇ?

ಹಾಕಿ, ಸಂತೋಷ. ಕಣಗಿಲೆ ಹೂವಿನದು ಮಾತ್ರ ಬೇಡ. ಕಣಗಿಲೆಯ ಎಲೆ, ಹೂವು, ಕಡ್ಡಿ ಎಲ್ಲವೂ ಹೃದಯ ನಿಲ್ಲಿಸುವ ವಿಷ, ಒಣಗಿದ ಮೇಲೂ. ಕುತ್ತಿಗೆಯ ಹಾರವನ್ನು ಪಕ್ಕದ ಕುದುರೆ ಕಿತ್ತು ತಿನ್ನುವುದಕ್ಕೆ ಅರ್ಧ ನಿಮಿಷ ಸಾಕು. ಚೆಂಡು ಹೂ, ಸೇವಂತಿಗೆ ಹಾಕಿ, ಮಂಗಳಾರತಿ ಆದ ಕೂಡಲೇ ತೆಗೆಯಿರಿ. ಪೂಜೆ ಮುಗಿದ ಹೂವನ್ನು ಬೇಲಿಯಾಚೆಯಿಂದ ಒಳಕ್ಕೆ ಎಸೆಯುವ ಪದ್ಧತಿ ಕೆಲವರಿಗಿದೆ, ದಯವಿಟ್ಟು ಬೇಡ. ಬೇಲಿಯಲ್ಲಿ ಲಂಟಾನ, ಉಮ್ಮತ್ತಿ ಇದ್ದರೆ ಅವನ್ನೂ ಈ ಮಳೆಗಾಲದಲ್ಲೇ ಬೇರುಸಹಿತ ಕಿತ್ತುಬಿಡಿ.

ಕೆರೆಗೆ ನೀರು ಬಂದಿದೆಯಲ್ಲ, ಅಲ್ಲಿಗೇ ಹೊಡೆದುಕೊಂಡು ಹೋಗಬಾರದೇ?

ಕೋಲಾರದ ಕೆರೆಗಳಿಗೆ 2018ರಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆಯ ನೀರು, ಆಮೇಲೆ ನಮ್ಮ ಕಡೆಗೆ ಹೆಬ್ಬಾಳ-ನಾಗವಾರ ಕಣಿವೆಯ ನೀರು ಬರುತ್ತಿದೆ. ಬೆಂಗಳೂರಿನ ಕೊಳಚೆಯನ್ನು ಎರಡು ಹಂತದಲ್ಲಿ ಶುದ್ಧೀಕರಿಸಿದ ನೀರು ಅದು. ಅಂತರ್ಜಲ ಏರಿಸಲು ತಂದದ್ದು, ಕುಡಿಯಲೆಂದು ಅಲ್ಲ. ಕೊಳವೆ ಬಾವಿಯ ನೀರಿನಲ್ಲಿ ಫ್ಲೋರೈಡ್ ಇರುವ ಊರುಗಳು ಪಾವಗಡದಿಂದ ಬಾಗೇಪಲ್ಲಿಯವರೆಗೆ ಇವೆ. ನಾವು ಚಾವಣಿಯ ಮಳೆ ನೀರನ್ನು ತೊಟ್ಟಿಗೆ ತುಂಬಿಸಿಕೊಳ್ಳುತ್ತೇವೆ. ಹಿಂಗಾರು ಇರುವುದೇ ಅದಕ್ಕೆ.

ಎಷ್ಟು ಕುಡಿಯುತ್ತದೆ ಎಂಬುದರ ಮೇಲೆ ಕಣ್ಣಿರಲಿ. 200 ಕಿಲೋ ತಟ್ಟು ದಿನಕ್ಕೆ ಹತ್ತರಿಂದ ಹದಿನೈದು ಲೀಟರ್ ಕುಡಿಯಬೇಕು, ಒಣ ಹುಲ್ಲು ತಿಂದರೆ ಇನ್ನೂ ಹೆಚ್ಚು. ಕಾರ್ತಿಕದಲ್ಲಿ ಚಳಿ ಶುರುವಾದಾಗ ಕುಡಿಯುವುದನ್ನು ಕಡಿಮೆ ಮಾಡುತ್ತವೆ, ಒಣ ಹುಲ್ಲು ಕರುಳಿನಲ್ಲಿ ಕಟ್ಟಿಕೊಳ್ಳುತ್ತದೆ. ಆಗ ಉಗುರುಬೆಚ್ಚಗಿನ ನೀರಿಗೆ ಚಿಟಿಕೆ ಉಪ್ಪು.

ನೊಣ, ಸೊಳ್ಳೆಗೆ ಏನು ಹೊಡೆಯುತ್ತೀರಿ?

ಹಿಪ್ಪುನೇರಳೆ ಊರಿನಲ್ಲಿ ಈ ಪ್ರಶ್ನೆ ಕೇಳಿದರೆ ಮೊದಲು ಅಕ್ಕಪಕ್ಕ ನೋಡಬೇಕು. ಜಾನುವಾರಿಗೆ ಹಚ್ಚುವ ನೊಣದ ಔಷಧಿಗಳಲ್ಲಿ ಬಹಳಷ್ಟು ರೇಷ್ಮೆ ಹುಳುವಿಗೆ ಸಾವು. ಔಷಧಿ ಹಚ್ಚಿದ ಕೈಯಲ್ಲಿ ಸೊಪ್ಪು ಮುಟ್ಟಿದರೂ ಸಾಕು, ನಾಲ್ಕನೆಯ ಜ್ವರದ (ಹುಳು ಪೊರೆ ಬಿಡುವುದಕ್ಕೆ ನಾವು ಜ್ವರ ಎನ್ನುತ್ತೇವೆ) ಹುಳು ನೆಲಕ್ಕೆ ಬೀಳುತ್ತದೆ. ಮೊದಲ ವರ್ಷ ನಮ್ಮ ಒಂದು ತಟ್ಟೆ ಹುಳು ಹೀಗೆ ಹೋಯಿತು. ಕೈ ನನ್ನದೇ ಆಗಿತ್ತು. ಆಮೇಲೆ ಲಾಯವನ್ನು ಹುಳುಮನೆಯಿಂದ ದೂರ, ಗಾಳಿ ಬೀಸುವ ದಿಕ್ಕಿನ ಕೆಳಕ್ಕೆ ಸಾಗಿಸಿದೆವು. ಕಿಟಕಿ ಬಾಗಿಲಿಗೆ ಸಣ್ಣ ಕಣ್ಣಿನ ಬಲೆ, ಒಂದು ಫ್ಯಾನ್, ದಿನಕ್ಕೆ ಎರಡು ಸಲ ಲದ್ದಿ ಬಾಚುವುದು. ಇಷ್ಟೇ ನಮ್ಮ ಔಷಧಿ.

ಇಷ್ಟು ಕಷ್ಟ ಯಾಕೆಂದರೆ ಮಳೆ ನಿಂತ ಮೇಲಿನ ತಿಂಗಳುಗಳಲ್ಲೇ ಕಚ್ಚುವ ದೊಡ್ಡ ನೊಣಗಳಿಂದ ಸರ್ರಾ ರೋಗ ಹರಡುತ್ತದೆ. ಬಿಟ್ಟು ಬಿಟ್ಟು ಜ್ವರ, ತಿನ್ನುತ್ತಿದ್ದರೂ ಮೈ ಇಳಿಯುವುದು, ಕಾಲು ಮತ್ತು ಹೊಟ್ಟೆಯಡಿ ಊತ. ರಕ್ತ ಪರೀಕ್ಷೆ ಮಾಡಿಸಿದರೆ ತಿಳಿಯುತ್ತದೆ, ಬೇಗ ತಿಳಿದರೆ ಔಷಧಿಯಿದೆ. ಕೋಲಾರ ಭಾಗದಲ್ಲಿ 1970ರ ದಶಕದ ಕೊನೆಯಿಂದ ಕಾಣಿಸಿಕೊಂಡ ಜಪಾನೀಸ್ ಮಿದುಳು ಜ್ವರ ಕೂಡ ಇದೇ ಕಾಲದ್ದು, ಗದ್ದೆ ಬಯಲಿನ ಸೊಳ್ಳೆಯದು. ಕುದುರೆಗೂ ಅದು ಬರಬಹುದು, ಕುದುರೆಯಿಂದ ಮನುಷ್ಯನಿಗೆ ಮಾತ್ರ ಹರಡುವುದಿಲ್ಲ.

ಇನ್ನೊಂದು: ಈ ತಿಂಗಳುಗಳಲ್ಲಿ ಮುಂಗಾಲಿನ ಕೂದಲಿಗೆ ಎಳ್ಳಿಗಿಂತ ಸಣ್ಣ ಹಳದಿ ಮೊಟ್ಟೆಗಳು ಅಂಟಿರುತ್ತವೆ. ಕುದುರೆ ನೆಕ್ಕಿದರೆ ಅವು ಹೊಟ್ಟೆಗೆ ಹೋಗಿ ಹುಳುವಾಗುತ್ತವೆ. ಮೊಂಡು ಚಾಕುವಿನಿಂದ ದಿನಾ ಕೆರೆದು ತೆಗೆಯುತ್ತೇನೆ. ಜಂತುಹುಳುವಿನ ಔಷಧಿಯನ್ನು ವೈದ್ಯರನ್ನು ಕೇಳಿ ಚಳಿಗಾಲದ ಹೊತ್ತಿಗೆ ಕೊಡಿಸಿ.

ಹಸುವಿನ ಜೊತೆ ಒಂದೇ ಕೊಟ್ಟಿಗೆಯಲ್ಲಿ ಕಟ್ಟಬಹುದೇ?

ಜಗಳವಾಡುವುದಿಲ್ಲ, ಆದರೂ ಬೇಡ. ಹಸುವಿನ ಹೊಟ್ಟೆಯೊಳಗೆ ಯಾವ ತೊಂದರೆಯನ್ನೂ ಕೊಡದೆ ಇರುವ ದಾರದಂಥ ಒಂದು ಹುಳುವಿದೆ. ಸೊಳ್ಳೆಯ ಮೂಲಕ ಅದರ ಮರಿ ಕುದುರೆಯ ಮೈಗೆ ಬಂದರೆ ದಾರಿ ತಪ್ಪಿ ಬೆನ್ನುಹುರಿಗೆ ಹೋಗುತ್ತದೆ. ಹಿಂಗಾಲು ಎಳೆಯುವುದು, ಸೊಂಟ ತೂಗುವುದು, ಕೊನೆಗೆ ಏಳಲಾಗದೆ ಕೂರುವುದು. ಕುದುರೆ ಸಾಕಿದವರು ಇದನ್ನು ಕುಮ್ರಿ ಎನ್ನುತ್ತಾರೆ.

ಗ್ಲ್ಯಾಂಡರ್ಸ್ ಎಂದು ಪತ್ರಿಕೆಯಲ್ಲಿ ಬರುತ್ತದಲ್ಲ, ನಿಮಗೆ ಭಯವಿಲ್ಲವೇ?

ಇದೆ. ಮೂಗಿನಿಂದ ದಪ್ಪ ಸಿಂಬಳ, ಚರ್ಮದ ಮೇಲೆ ಒಡೆಯುವ ಗಂಟುಗಳು ಕಂಡರೆ ಮುಚ್ಚಿಡಬಾರದು. ಅದು ಮನುಷ್ಯರಿಗೂ ಬರುವ ರೋಗ, 2009ರ ಕಾಯ್ದೆಯಂತೆ ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗ. ರಕ್ತದ ಮಾದರಿ ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಕುದುರೆ ಸಂಶೋಧನಾ ಕೇಂದ್ರಕ್ಕೆ ಹೋಗುತ್ತದೆ. ಖಚಿತವಾದರೆ ಕುದುರೆಯನ್ನು ದಯಾಮರಣಕ್ಕೆ ಒಪ್ಪಿಸಬೇಕು. ಆದ್ದರಿಂದ ಮೆರವಣಿಗೆ ಸುತ್ತಿ ಬಂದ ಕುದುರೆಯನ್ನು ನಮ್ಮ ತೊಟ್ಟಿಯಲ್ಲಿ ನೀರು ಕುಡಿಯಲು ಬಿಡುವುದಿಲ್ಲ. ಯಾರೋ ಬೇಜಾರು ಮಾಡಿಕೊಂಡರು, ಮಾಡಿಕೊಳ್ಳಲಿ. ಧನುರ್ವಾಯು ಮತ್ತು ರೇಬಿಸ್ ಲಸಿಕೆ ಮಾತ್ರ ವರ್ಷ ತಪ್ಪದೆ ಹಾಕಿಸಿ. ಕುದುರೆಗೆ ಮೊಳೆ ಚುಚ್ಚಿದ ಗಾಯವೂ ಧನುರ್ವಾಯುವಿಗೆ ಸಾಕು.

ಎತ್ತಿಗೆ ಲಾಳ ಹೊಡೆಯುವವರೇ ಇದಕ್ಕೂ ಹೊಡೆಯುತ್ತಾರೆಯೇ?

ಎತ್ತಿನದು ಸೀಳು ಗೊರಸು, ಎರಡು ತಗಡು. ಕುದುರೆಯದು ಒಂದೇ ಗೊರಸು, ಕೆಲಸವೇ ಬೇರೆ. ನಮ್ಮವು ಡಾಂಬರು ರಸ್ತೆಯಲ್ಲಿ ಓಡುವುದಿಲ್ಲವಾದ್ದರಿಂದ ಲಾಳವೇ ಇಲ್ಲ. ಆರೇಳು ವಾರಕ್ಕೊಮ್ಮೆ ಬೆಂಗಳೂರಿನಿಂದ ಒಬ್ಬರು ಬಂದು ಗೊರಸು ಕತ್ತರಿಸಿ ಅರ ಹಾಕಿ ಹೋಗುತ್ತಾರೆ. ಹಿಂಗಾರಿನ ಕೆಸರಿನಲ್ಲಿ ಅಂಗಾಲಿನ ಸಂದು ಕೊಳೆತು ಕಪ್ಪು ರಸ ಸುರಿಸುತ್ತದೆ. ವಾಸನೆ ಬಂದರೆ ಯಾರೂ ಹೇಳಿಕೊಡಬೇಕಾಗಿಲ್ಲ. ದಿನಾ ಕೆರೆದು ಒಣಗಿಸಿ, ನಿಲ್ಲುವ ಜಾಗಕ್ಕೆ ಜಲ್ಲಿ ಹಾಕಿಸಿ.

ಶನಿ ಕಾಟಕ್ಕೆ, ಬಾಗಿಲಿಗೆ ಹೊಡೆಯಲು ಹಳೆಯ ಲಾಳ ಕೇಳಿಕೊಂಡು ಬರುವವರಿಗೂ ಇದೇ ಉತ್ತರ. ಇಲ್ಲದ ಲಾಳವನ್ನು ಎಲ್ಲಿಂದ ಕೊಡಲಿ?

ಹೊಟ್ಟೆನೋವು ಬಂದರೆ ಗೊಟ್ಟದಲ್ಲಿ ಎಣ್ಣೆ ಹುಯ್ಯಬಹುದೇ?

ಬೇಡ. ಎತ್ತಿಗೆ ಹುಯ್ಯುವಂತೆ ಕುದುರೆಯ ತಲೆಯೆತ್ತಿ ಗೊಟ್ಟ ತುರುಕಿದರೆ ಎಣ್ಣೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಕುದುರೆಗೆ ವಾಂತಿಯೂ ಆಗುವುದಿಲ್ಲ. ಒಳಗೆ ಹೋದದ್ದಕ್ಕೆ ಹಿಂದಿನ ಬಾಗಿಲು ಒಂದೇ ದಾರಿ. ನೆಲ ಕೆರೆಯುವುದು, ತಿರುಗಿ ಹೊಟ್ಟೆ ನೋಡಿಕೊಳ್ಳುವುದು, ಮಲಗಿ ಎದ್ದು ಹೊರಳಾಡುವುದು, ಬೆವರುವುದು, ಲದ್ದಿ ನಿಲ್ಲುವುದು: ಇವು ಕಂಡರೆ ಮೇವು ತೆಗೆಯಿರಿ, ನೀರು ಇರಲಿ, ಹೊರಳಾಡದಂತೆ ನಿಧಾನವಾಗಿ ನಡೆಸಿ. ದವಡೆಯ ಕೆಳಗಿನ ನಾಡಿ ಹಿಡಿದು ಎಣಿಸಿ. ಸುಮ್ಮನಿದ್ದಾಗ ನಿಮಿಷಕ್ಕೆ ನಲವತ್ತರ ಆಸುಪಾಸು ಇರುತ್ತದೆ. ಅರವತ್ತು ದಾಟಿದರೆ ಒಂದು ನಿಮಿಷವೂ ಕಾಯಬಾರದು. ಪಶುಪಾಲನಾ ಇಲಾಖೆಯ ಸಂಚಾರಿ ಚಿಕಿತ್ಸೆಗೆ 1962ಕ್ಕೆ ಕರೆ ಮಾಡಬಹುದು. ನಮ್ಮ ಕಡೆಯ ವೈದ್ಯರಿಗೆ ಹಸು, ಕುರಿಯಲ್ಲೇ ಹೆಚ್ಚು ಪಳಗಿದ ಕೈ. ಆದ್ದರಿಂದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಸಾಗಿಸಲು ಒಂದು ಗಾಡಿಯವರನ್ನು ಮೊದಲೇ ಮಾತಾಡಿಟ್ಟಿರಿ. ರಾತ್ರಿ ಎರಡು ಗಂಟೆಗೆ ಗಾಡಿ ಹುಡುಕಿದ ಅನುಭವ ನನಗಿದೆ, ನಿಮಗೆ ಬೇಡ.

ದೀಪಾವಳಿ ಮೂರು ದಿನ ಏನು ಮಾಡುತ್ತೀರಿ?

ಕತ್ತಲಾಗುವ ಮೊದಲೇ ಎರಡನ್ನೂ ಒಟ್ಟಿಗೆ ಲಾಯಕ್ಕೆ ಸೇರಿಸುತ್ತೇವೆ. ದೀಪ ಆರಿಸುವುದಿಲ್ಲ, ಉರಿಯುತ್ತಿದ್ದರೆ ಹೊರಗಿನ ಮಿಂಚು ಅಷ್ಟಾಗಿ ಕಾಣುವುದಿಲ್ಲ. ಕಿವಿಗೆ ಹತ್ತಿ, ಮುಂದೆ ಹುಲ್ಲು, ರೇಡಿಯೊ. ಕುತ್ತಿಗೆಗೆ ಹಗ್ಗ ಬಿಗಿದು ಕಟ್ಟುವುದು ಮಾತ್ರ ಬೇಡ. ಬೆಚ್ಚಿದ ಕುದುರೆ ಹಿಂದಕ್ಕೆ ಜಗ್ಗಿ ತನ್ನ ಕುತ್ತಿಗೆಯನ್ನೇ ಮುರಿದುಕೊಳ್ಳುತ್ತದೆ. ಮೆದೆಯ ಹತ್ತಿರ ಎರಡು ಡ್ರಮ್ ನೀರು ಕುದುರೆಗಲ್ಲ, ರಾಕೆಟ್‌ಗೆ.

ಉತ್ಥಾನ ದ್ವಾದಶಿ ಆದ ಮೇಲೆ ಮದುವೆಗೆ ಬಾಡಿಗೆಗೆ ಕೊಡುತ್ತೀರಾ?

ಕೆಂಚಿ ಆ ಕೆಲಸದಿಂದ ನಿವೃತ್ತಿ ಪಡೆದವಳು. ಹೊರೆ ಪ್ರಾಣಿಗಳ ಬಗ್ಗೆ 1965ರ ನಿಯಮಗಳಲ್ಲಿ ತಟ್ಟುವಿನ ಬೆನ್ನಿನ ಹೇರಿಗೆ 70 ಕಿಲೋ ಮಿತಿಯಿದೆ, ಅದೂ ಗಟ್ಟಿಮುಟ್ಟಾದ ತಟ್ಟುವಿಗೆ. ನನ್ನ ಲೆಕ್ಕ ಇನ್ನೂ ಬಿಗಿ: ತಟ್ಟುವಿನ ತೂಕದ ಐದರಲ್ಲಿ ಒಂದು ಪಾಲು, ಜೀನು ಸೇರಿ. 200 ಕಿಲೋಗೆ 40. ವರನ ತೂಕ ಎಷ್ಟು ಎಂದು ಕೇಳುತ್ತೇನೆ. ಮಾತು ಅಲ್ಲಿಗೇ ನಿಲ್ಲುತ್ತದೆ.

ಮಗುವನ್ನು ಒಂದು ಸುತ್ತು ಕೂರಿಸಬಹುದೇ?

25 ಕಿಲೋ ಒಳಗಿನ ಮಗುವಾದರೆ, ತಲೆಗೆ ಹೆಲ್ಮೆಟ್ ಇದ್ದರೆ, ನಾನು ಹಗ್ಗ ಹಿಡಿದಿದ್ದರೆ ಸುಬ್ಬನ ಮೇಲೆ ಒಂದು ಸುತ್ತು. ಫೋಟೊಗಾಗಿ ಹಿಂದಿನಿಂದ ಹೋಗಿ ಬಾಲ ಹಿಡಿಯುವ ದೊಡ್ಡವರಿಗೆ ಅನುಮತಿಯಿಲ್ಲ.

ಚಳಿಗೆ ಕಂಬಳಿ ಹೊದಿಸಬೇಕೇ?

ಬೇಡ. ಹಗಲು ಕುಗ್ಗಲು ಶುರುವಾದಾಗಲೇ ಅವು ದಪ್ಪ ಕೂದಲು ಬೆಳೆಸಿಕೊಳ್ಳುತ್ತವೆ. ನಂದಿ ಬೆಟ್ಟದ ಕಡೆಯ ಮಂಜಿಗೆ ಅದು ಸಾಕು. ಮೈ ನೆನೆದು ಗಾಳಿಯೂ ಬೀಸಿದರೆ ಗೋಣಿಚೀಲದಿಂದ ಒರೆಸಿ, ಅಷ್ಟೆ. ಆದರೆ ರಾತ್ರಿ ಹೊರಗೆ ಬಿಡುವುದಿಲ್ಲ, ಕಾರಣ ಚಳಿಯಲ್ಲ, ಚಿರತೆ. ನಮ್ಮ ಬೆಟ್ಟಸಾಲಿನಲ್ಲೂ ಇವೆ, ತುಮಕೂರಿನ ದೇವರಾಯನದುರ್ಗದ ಸುತ್ತಲೂ ಇವೆ. ಲಾಯಕ್ಕೆ ಮೇಲಿನವರೆಗೂ ಕಬ್ಬಿಣದ ಜಾಲರಿ ಹಾಕಿಸಿದ್ದೇವೆ.

ಸುಳಿ ನೋಡಿಸಿದ್ದೀರಾ?

ಕೆಂಚಿಯ ಎದೆಯ ಮೇಲೆ ಮನೆಗೆ ಕೇಡು ತರುವ ಸುಳಿ ಇದೆಯಂತೆ. ಅದಕ್ಕೇ ನಮಗೆ ಅಗ್ಗವಾಗಿ ಸಿಕ್ಕಳು.

ಲದ್ದಿಯನ್ನು ಏನು ಮಾಡುತ್ತೀರಿ? ಲಾಭವೇನು?

ಸಗಣಿಯಂತೆ ಸಾರಿಸಲು ಬರುವುದಿಲ್ಲ, ನಾರು ಹೆಚ್ಚು. ಆದರೆ ಗುಡ್ಡೆ ಹಾಕಿದರೆ ಬೇಗ ಬಿಸಿಯೇರುತ್ತದೆ, ನೊಣದ ಮರಿಯೂ ಕಳೆ ಬೀಜವೂ ಅದರಲ್ಲಿ ಸಾಯುತ್ತವೆ. ಎರಡರಿಂದ ದಿನಕ್ಕೆ ಹದಿನೈದು ಕಿಲೋಗೂ ಮಿಕ್ಕಿ ಸಿಗುತ್ತದೆ. ಪಕ್ಕದ ಹೊಲದವರು ಕಳಿತ ಗೊಬ್ಬರ ಒಯ್ದು ಕೊಯ್ಲಾದ ಮೇಲೆ ರಾಗಿ ಹುಲ್ಲು ಕೊಡುತ್ತಾರೆ. ಇದು ಬಿಟ್ಟರೆ ಲಾಭದ ಕಲಮಿನಲ್ಲಿ ಬರೆಯಲು ಏನೂ ಇಲ್ಲ. ಮೂರು ಕಾಸಿನ ಕುದುರೆಗೆ ಆರು ಕಾಸಿನ ಹುಲ್ಲು ಎಂದು ಅತ್ತೆ ಏಳು ವರ್ಷದಿಂದ ಹೇಳುತ್ತಲೇ ಇದ್ದಾರೆ. ಹೇಳುತ್ತಾ ಸಂಜೆಯ ಹುರುಳಿ ಬೇಯಿಸುವವರೂ ಅವರೇ.

ಬಂದು ನೋಡಬಹುದೇ?

ಬೆಳಗ್ಗೆ ಎಂಟರ ಮೇಲೆ, ಅಥವಾ ಸಂಜೆ ನಾಲ್ಕರಿಂದ ಆರರ ಒಳಗೆ ಬನ್ನಿ. ಗೇಟು ತೆಗೆದವರೇ ಮುಚ್ಚಿ. ಹುಳು ಮನೆಯ ಕಡೆ ಹೋಗಬೇಡಿ. ಕೆಂಚಿ ನಿಮ್ಮ ಜೇಬು ಮೂಸುತ್ತಾಳೆ, ಏನೂ ಸಿಗದಿದ್ದರೆ ತೋಳಿಗೆ ಒಮ್ಮೆ ತಿವಿದು ಸುಮ್ಮನಾಗುತ್ತಾಳೆ. ಕೈಯಲ್ಲಿ ಏನೂ ತರಬೇಡಿ.